ಒಂದೇ ವಾರದಲ್ಲಿ ಬಿ.ಪಿ. ಏಕೆ ಏರಿಳಿಯುತ್ತದೆ?



ಗುಬ್ಬಿ ಕಡೆಯ ಒಬ್ಬ ಅಡಿಕೆ ಬೆಳೆಗಾರರು ಸೋಮವಾರ ತುಮಕೂರಿನ ಆಸ್ಪತ್ರೆಗೆ ಹೋದರೆಂದು ಇಟ್ಟುಕೊಳ್ಳಿ. ಅಲ್ಲಿ ಬಿ.ಪಿ. ನೋಡಿದಾಗ 168/98 ಬಂತು. ಗುರುವಾರ ಊರಿನ ಉಪಕೇಂದ್ರದಲ್ಲಿ ನೋಡಿಸಿದರೆ 138/86. ಈಗ ಯಜಮಾನರಿಗೆ ಅನುಮಾನ. ಯಾವುದು ನಿಜ? ಯಾವ ಯಂತ್ರ ಕೆಟ್ಟಿದೆ?

ಇಂಥ ಅನುಮಾನ ಬಂದಾಗ ಜನರು ಸಾಮಾನ್ಯವಾಗಿ ಎರಡು ತಪ್ಪುಗಳಲ್ಲಿ ಒಂದನ್ನು ಮಾಡುತ್ತಾರೆ. ಅಂಕಿ ಕಡಿಮೆ ಬಂದ ದಿನ “ನನಗೆ ವಾಸಿಯಾಯಿತು” ಎಂದು ಮಾತ್ರೆ ನಿಲ್ಲಿಸುತ್ತಾರೆ. ಹೆಚ್ಚು ಬಂದ ದಿನ ಹೆದರಿ ಎರಡು ಮಾತ್ರೆ ನುಂಗುತ್ತಾರೆ. ಎರಡೂ ಅಪಾಯವೇ. ಮೊದಲನೆಯದು ಲಕ್ವಕ್ಕೆ ದಾರಿ, ಎರಡನೆಯದು ತಲೆತಿರುಗಿ ಬೀಳುವುದಕ್ಕೆ ದಾರಿ. ಸಾಮಾನ್ಯವಾಗಿ ಎರಡು ಅಂಕಿಗಳೂ ಆಯಾ ಹೊತ್ತಿನ ನಿಜವೇ. ಬಿ.ಪಿ. ಎಂಬುದು ಸರ್ವೆ ಕಲ್ಲಿನಂತೆ ಒಂದೇ ಕಡೆ ನಿಲ್ಲುವುದಲ್ಲ. ಅದು ಏಕೆ ಏರುತ್ತದೆ, ಏಕೆ ಇಳಿಯುತ್ತದೆ, ಅದರಲ್ಲಿ ಸಹಜವಾದದ್ದು ಯಾವುದು, ನಾವು ತಡೆಯಬಹುದಾದದ್ದು ಯಾವುದು ಎಂಬುದನ್ನು ಇಲ್ಲಿ ವಿವರಿಸಿದೆ.

ಒತ್ತಡವೆಂದರೇನು?

ನಿಮ್ಮ ತೋಟದ ಬೋರ್‌ವೆಲ್ ಮೋಟಾರನ್ನು ನೆನಪಿಗೆ ತಂದುಕೊಳ್ಳಿ. ಮೋಟಾರು ಜೋರಾಗಿ ತಳ್ಳಿದರೆ ಪೈಪಿನಲ್ಲಿ ಒತ್ತಡ ಹೆಚ್ಚು. ಒಂದು ವಾಲ್ವು ಮುಚ್ಚಿದರೆ ಒತ್ತಡ ಇನ್ನೂ ಹೆಚ್ಚು. ನಾಲ್ಕು ವಾಲ್ವು ತೆರೆದರೆ ಕಡಿಮೆ. ನಮ್ಮ ದೇಹದಲ್ಲಿ ಹೃದಯವೇ ಮೋಟಾರು, ರಕ್ತನಾಳಗಳೇ ಪೈಪು. ಸಣ್ಣ ರಕ್ತನಾಳಗಳು ಕುಗ್ಗುವುದು ವಾಲ್ವು ಮುಚ್ಚಿದಂತೆ, ಅವು ಹಿಗ್ಗುವುದು ವಾಲ್ವು ತೆರೆದಂತೆ. ಪೈಪಿನಲ್ಲಿ ಎಷ್ಟು ನೀರಿರಬೇಕೆಂದು ನೋಡಿಕೊಳ್ಳುವುದು ಮೂತ್ರಪಿಂಡಗಳು. ಈ ಮೂರರಲ್ಲಿ ಯಾವುದು ಬದಲಾದರೂ ಬಿ.ಪಿ. ಬದಲಾಗುತ್ತದೆ.

ಮೇಲಿನ ಅಂಕಿ ಹೃದಯ ಹಿಂಡಿದಾಗಿನ ಒತ್ತಡ. ಕೆಳಗಿನ ಅಂಕಿ ಹೃದಯ ಸಡಿಲಗೊಂಡಾಗಿನ ಒತ್ತಡ. ಇದನ್ನು ಪಾದರಸದ ಮಿಲಿಮೀಟರಿನಲ್ಲಿ ಹೇಳುತ್ತಾರೆ. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಲೆಕ್ಕ ಹಾಕಿದರೆ 120ರ ಒತ್ತಡ ನೀರನ್ನು 5 ಅಡಿಗಿಂತ ಮೇಲಕ್ಕೆ ಎತ್ತಬಲ್ಲದು. 180ರ ಒತ್ತಡ 8 ಅಡಿ ಎತ್ತಬಲ್ಲದು. ಇಷ್ಟು ಒತ್ತಡ ವರ್ಷಗಟ್ಟಲೆ ಮೆದುಳಿನ ಎಳೆಯಂಥ ನಾಳಗಳ ಮೇಲೆ ಬಿದ್ದರೆ ಏನಾದೀತು ಎಂಬುದನ್ನು ನೀವೇ ಊಹಿಸಬಹುದು.

ಕುಣಿಗಲ್ಲಿನವರಿಗೆ ಇನ್ನೊಂದು ಸಂಗತಿ ರುಚಿಸೀತು. ಟಿಪ್ಪು ಸುಲ್ತಾನನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಊರು ನಿಮ್ಮದು. ರಕ್ತದ ಒತ್ತಡವನ್ನು ಮೊಟ್ಟಮೊದಲು ಅಳೆದದ್ದೂ ಕುದುರೆಯಲ್ಲೇ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬಾತ ಹೆಣ್ಣು ಕುದುರೆಯೊಂದರ ರಕ್ತನಾಳಕ್ಕೆ ಗಾಜಿನ ಕೊಳವೆ ಜೋಡಿಸಿ ನೋಡಿದ. ರಕ್ತ ಕೊಳವೆಯಲ್ಲಿ 8 ಅಡಿ 3 ಅಂಗುಲ ಏರಿತು. ಆದರೆ ಅಲ್ಲೇ ನಿಲ್ಲಲಿಲ್ಲ. ನಾಡಿಯ ಬಡಿತಕ್ಕೆ ತಕ್ಕಂತೆ ಎರಡು, ಮೂರು, ನಾಲ್ಕು ಅಂಗುಲ ಏರಿಳಿಯುತ್ತಲೇ ಇತ್ತು. ಇದನ್ನು ಆತ 1733ರಲ್ಲಿ ಪ್ರಕಟಿಸಿದ. ಅಳತೆ ಹುಟ್ಟಿದ ದಿನವೇ ಏರಿಳಿತವೂ ಕಣ್ಣಿಗೆ ಬಿದ್ದಿತು ಎನ್ನಬಹುದು.

ದಿನದ ಏರಿಳಿತ

ಆರೋಗ್ಯವಂತರಲ್ಲಿಯೂ ಬಿ.ಪಿ. ದಿನವಿಡೀ ಒಂದೇ ಸಮನೆ ಇರುವುದಿಲ್ಲ. ರಾತ್ರಿ ಚೆನ್ನಾಗಿ ನಿದ್ದೆ ಬಂದಾಗ ಅದು ಹಗಲಿಗಿಂತ ಶೇಕಡ 10ರಿಂದ 20ರಷ್ಟು ಇಳಿಯುತ್ತದೆ. ಬೆಳಗಿನ ಜಾವ ಏಳುವ ಹೊತ್ತಿಗೆ ದೇಹ ಕೆಲಸಕ್ಕೆ ಸಿದ್ಧವಾಗುತ್ತದೆ. ಆಗ ಬಿ.ಪಿ. ಏರುತ್ತದೆ. ಹೃದಯಾಘಾತ ಮತ್ತು ಲಕ್ವ ಬೆಳಗಿನ ಹೊತ್ತಿನಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಗುದ್ದಲಿ ಹಿಡಿದು ಪಾತಿ ಮಾಡುವಾಗ, ತೆಂಗಿನಕಾಯಿ ಮೂಟೆ ಹೊರುವಾಗ, ಜಗಳವಾಡುವಾಗ, ನೋವಿನಲ್ಲಿರುವಾಗ ಬಿ.ಪಿ. ಏರುತ್ತದೆ. ಕುಳಿತು ವಿಶ್ರಮಿಸಿದರೆ ಇಳಿಯುತ್ತದೆ. ಇದು ಸಹಜ. ಇದಕ್ಕೆ ಗಾಬರಿ ಬೇಡ. ಆದರೆ ರಾತ್ರಿ ಇಳಿಯಬೇಕಾದ ಬಿ.ಪಿ. ಇಳಿಯದೇ ಹೋದರೆ ಅದು ಸಹಜವಲ್ಲ. ಜೋರಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ಕಟ್ಟುವವರಲ್ಲಿ, ಸಕ್ಕರೆ ಕಾಯಿಲೆ ಮತ್ತು ಮೂತ್ರಪಿಂಡದ ಕಾಯಿಲೆ ಇರುವವರಲ್ಲಿ ಹೀಗಾಗುವುದುಂಟು. ರಾತ್ರಿ ಕರೆಂಟು ಬಂದಾಗ ಮೋಟಾರು ಹಾಕಲೆಂದು ದಿನವೂ ನಿದ್ದೆ ಕೆಡುವವರೂ ಈ ಮಾತನ್ನು ಗಮನಿಸಬೇಕು. ನಿದ್ದೆ ಕೆಟ್ಟ ಮರುದಿನ ಬಿ.ಪಿ. ಹೆಚ್ಚಾಗಿರುತ್ತದೆ.

ಅಳೆಯುವ ತಪ್ಪಿನಿಂದ ಬರುವ ವ್ಯತ್ಯಾಸ

ಸಂತೆಯಲ್ಲಿ ತಕ್ಕಡಿ ಸರಿಯಿಲ್ಲದಿದ್ದರೆ ನೀವು ಸುಮ್ಮನಿರುವುದಿಲ್ಲ. ಬಿ.ಪಿ. ಅಳೆಯುವಾಗಲೂ ಅದೇ ಎಚ್ಚರ ಬೇಕು. ಈ ಕೆಳಗಿನ ಸಣ್ಣ ತಪ್ಪುಗಳು ಅಂಕಿಯನ್ನು ಸುಮ್ಮನೆ ಏರಿಸುತ್ತವೆ:

1. ಬಸ್ಸಿಳಿದು ಬಿರಬಿರನೆ ನಡೆದು ಬಂದು ಕೂಡಲೇ ಅಳೆಸುವುದು. ಮೊದಲು 5 ನಿಮಿಷ ಸುಮ್ಮನೆ ಕುಳಿತಿರಬೇಕು.

2. ಅಳತೆಗೆ ಮುಂಚೆ ಅರ್ಧ ಗಂಟೆಯೊಳಗೆ ಕಾಫಿ, ಟೀ ಕುಡಿಯುವುದು, ಬೀಡಿ ಸೇದುವುದು, ಹೊಗೆಸೊಪ್ಪು ಹಾಕುವುದು.

3. ಮೂತ್ರ ಕಟ್ಟಿಕೊಂಡು ಕೂರುವುದು. ಇದರಿಂದಲೇ ಅಂಕಿ 10ರಷ್ಟು ಏರಬಹುದು.

4. ಅಳೆಯುವಾಗ ಮಾತಾಡುವುದು. ಇದರಿಂದಲೂ 10ರಷ್ಟು ಏರಬಹುದು. ಅಳೆಯುವವರೂ ಆಗ ಮಾತಾಡಿಸಬಾರದು.

5. ಕಾಲಮೇಲೆ ಕಾಲು ಹಾಕಿ ಕೂರುವುದು, ಬೆನ್ನಿಗೆ ಆಸರೆ ಇಲ್ಲದಿರುವುದು.

6. ತೋಳನ್ನು ಜೋತು ಬಿಡುವುದು. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಬೇಕು. ತೋಳು ಹತ್ತು ಸೆಂಟಿಮೀಟರು ಕೆಳಗಿದ್ದರೆ ಅಂಕಿ 7, 8ರಷ್ಟು ಹೆಚ್ಚು ತೋರಿಸುತ್ತದೆ.

7. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟುವುದು, ಅಂಗಿಯ ಮೇಲೆಯೇ ಪಟ್ಟಿ ಸುತ್ತುವುದು.

ಇದಲ್ಲದೆ ಕೆಲವರಿಗೆ ಡಾಕ್ಟರನ್ನು ಕಂಡ ಕೂಡಲೇ ಎದೆ ಡವಗುಟ್ಟಿ ಬಿ.ಪಿ. ಏರುತ್ತದೆ, ಮನೆಯಲ್ಲಿ ಅಷ್ಟಿರುವುದಿಲ್ಲ. ಇನ್ನು ಕೆಲವರಿಗೆ ಆಸ್ಪತ್ರೆಯಲ್ಲಿ ಸರಿಯಾಗಿದ್ದು ಮನೆಯಲ್ಲಿ, ಹೊಲದಲ್ಲಿ ಹೆಚ್ಚಿರುತ್ತದೆ. ಇವರೇ ಹೆಚ್ಚು ಎಚ್ಚರದಿಂದಿರಬೇಕಾದವರು, ಏಕೆಂದರೆ ಇವರ ಕಾಯಿಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ನಮ್ಮ ಅಡಿಗೆಮನೆ ಮತ್ತು ಜಗಲಿ

ಉಪ್ಪಿಗಿಂತ ರುಚಿಯಿಲ್ಲ ಎಂಬುದು ನಿಜ. ಆದರೆ ಉಪ್ಪು ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ. ಪೈಪಿನಲ್ಲಿ ನೀರು ಹೆಚ್ಚಾದರೆ ಒತ್ತಡವೂ ಹೆಚ್ಚು. ದೊಡ್ಡವರೊಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಐದು ಮಂದಿಯ ಮನೆಗೆ ಇದು ತಿಂಗಳಿಗೆ ಮುಕ್ಕಾಲು ಕಿಲೋ ಆಯಿತು. ಸಾರಿಗೆ ಹಾಕುವುದು, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಉಪ್ಪು ಮೆಣಸಿನಕಾಯಿ ಎಲ್ಲವೂ ಈ ಲೆಕ್ಕದೊಳಗೇ. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಪ್ಯಾಕೆಟ್ ಉಪ್ಪು ಬರುತ್ತದೆಂದು ಒಮ್ಮೆ ಎಣಿಸಿ ನೋಡಿ. ಬಸ್ಸಾರು ಮುದ್ದೆಯನ್ನು ಬಿಡಬೇಕಾಗಿಲ್ಲ. ಸಾರಿನ ಉಪ್ಪನ್ನು ವಾರವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸಿದರೆ ನಾಲಿಗೆ ಹೊಂದಿಕೊಳ್ಳುತ್ತದೆ. ಮದುವೆ, ಜಾತ್ರೆ ಊಟ ಮುಗಿಸಿ ಬಂದ ಮರುದಿನ ಬಿ.ಪಿ. ಏರಿದ್ದರೆ ಯಂತ್ರವನ್ನು ಬೈಯುವುದಕ್ಕಿಂತ ಮುಂಚೆ ಎಲೆಯ ತುದಿಯಲ್ಲಿದ್ದ ಉಪ್ಪಿನಕಾಯಿಯನ್ನು ನೆನೆಯಬೇಕು.

ಅಡಿಕೆ ನಮ್ಮ ಸೀಮೆಯ ಬೆಳೆ. ಊಟವಾದ ಮೇಲೆ ಎಲೆ ಅಡಿಕೆ ಹಾಕುವುದು ರೂಢಿ. ಆದರೆ ಅದರ ಜೊತೆಗೆ ಹೊಗೆಸೊಪ್ಪು ಸೇರಿದರೆ ರಕ್ತನಾಳಗಳು ಕುಗ್ಗಿ ಬಿ.ಪಿ. ಜಿಗಿಯುತ್ತದೆ. ಬೀಡಿ, ಸಿಗರೇಟಿನಿಂದಲೂ ಹೀಗೆಯೇ. ದಿನಕ್ಕೆ ಹತ್ತು ಸಲ ಹಾಕಿದರೆ ಹತ್ತು ಸಲ ಜಿಗಿತ. ಬರಿಯ ಅಡಿಕೆಯೂ ಬಾಯಿಯ ಕ್ಯಾನ್ಸರಿಗೆ ಕಾರಣವೆಂಬುದು ಸಿದ್ಧವಾಗಿದೆ. ಆದುದರಿಂದ ಹೊಗೆಸೊಪ್ಪನ್ನು ಪೂರ್ತಿ ಬಿಡುವುದು, ಅಡಿಕೆಯನ್ನು ಮಾರಾಟಕ್ಕೆ ಮಾತ್ರ ಇಟ್ಟುಕೊಳ್ಳುವುದು ಲೇಸು.

ಕುಡಿತವೂ ಬಿ.ಪಿ.ಯನ್ನು ಏರಿಸುತ್ತದೆ. ಒಂದು ರಾತ್ರಿ ಹೆಚ್ಚು ಕುಡಿದರೆ ಮೊದಲು ಇಳಿದಂತೆ ಕಂಡು ಮರುದಿನ ಏರುವುದುಂಟು.

ಮೈಕೈ ನೋವಿನ ಮಾತ್ರೆಗಳ ವಿಷಯ ಬಹಳ ಮಂದಿಗೆ ತಿಳಿಯದು. ಮಂಡಿನೋವು, ಸೊಂಟನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದವು ಬಿ.ಪಿ.ಯನ್ನು ಏರಿಸುತ್ತವೆ, ಬಿ.ಪಿ. ಮಾತ್ರೆಯ ಬಲವನ್ನು ಕುಂದಿಸುತ್ತವೆ, ಮೂತ್ರಪಿಂಡಕ್ಕೂ ಕೇಡು ಮಾಡುತ್ತವೆ. ನೆಗಡಿಗೆಂದು ಕೊಡುವ ಕೆಲವು ಮಾತ್ರೆಗಳು ಮತ್ತು ಸ್ಟಿರಾಯ್ಡ್ ಔಷಧಿಗಳೂ ಬಿ.ಪಿ. ಏರಿಸುವಂಥವೇ. ಕೆಮ್ಮಿಗೆ ದಿನಗಟ್ಟಲೆ ಅತಿಮಧುರ ಅಗಿಯುವುದೂ ಬಿ.ಪಿ. ಇರುವವರಿಗೆ ಹೇಳಿದ್ದಲ್ಲ. ಯಾವ ಮಾತ್ರೆ ಕೊಳ್ಳುವಾಗಲೂ “ನನಗೆ ಬಿ.ಪಿ. ಇದೆ” ಎಂದು ಮೊದಲೇ ಹೇಳಿ.

ಮಳೆ, ಚಳಿ, ಬಿಸಿಲು

ಚಳಿಯಲ್ಲಿ ರಕ್ತನಾಳಗಳು ಕುಗ್ಗುತ್ತವೆ. ಆದುದರಿಂದ ಮಾಗಿಯ ಕಾಲದಲ್ಲಿ ಬಿ.ಪಿ. ತುಸು ಹೆಚ್ಚಿರುತ್ತದೆ. ಬೆಳಗಿನ ಜಾವ ರಾಗಿ ಒಕ್ಕಣೆಗೆ ಕಣಕ್ಕೆ ಹೋಗುವವರು ತಲೆಗೆ ಬಟ್ಟೆ ಸುತ್ತಿ, ಕಂಬಳಿ ಹೊದ್ದು ಹೋಗುವುದು ಒಳ್ಳೆಯದು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ನಾಳಗಳು ಹಿಗ್ಗುತ್ತವೆ, ಬೆವರಿನಲ್ಲಿ ನೀರು ಹೋಗುತ್ತದೆ, ಬಿ.ಪಿ. ಇಳಿಯುತ್ತದೆ. ಮೂತ್ರ ಹೆಚ್ಚು ಮಾಡಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಆಗ ತಲೆ ಸುತ್ತಬಹುದು. ಹಾಗೆಂದು ನೀವೇ ಮಾತ್ರೆ ಬಿಡಬೇಡಿ. ಡಾಕ್ಟರಿಗೆ ತಿಳಿಸಿದರೆ ಅವರೇ ಪ್ರಮಾಣ ಬದಲಿಸುತ್ತಾರೆ. ವಾಂತಿಭೇದಿ ಆದಾಗಲಂತೂ ಕೂಡಲೇ ತಿಳಿಸಬೇಕು.

ಎಳನೀರು ಕುಡಿದರೆ ಬಿ.ಪಿ. ಮಾತ್ರೆ ಬೇಡವೆಂಬ ಮಾತು ತೆಂಗಿನ ಸೀಮೆಯಲ್ಲಿ ಹಬ್ಬಿದೆ. ಎಳನೀರು ಬಿಸಿಲಿಗೆ ಒಳ್ಳೆಯದು, ಆದರೆ ಮಾತ್ರೆಯ ಬದಲಿಗೆ ಅಲ್ಲ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಮೂತ್ರಪಿಂಡದ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಕುಡಿಯಬಾರದು.

ಮಾತ್ರೆ ತಪ್ಪಿದರೆ

ಅತಿ ಹೆಚ್ಚು ಏರಿಳಿತ ಉಂಟುಮಾಡುವ ಕಾರಣಗಳಲ್ಲಿ ಇದು ಮುಖ್ಯವಾದದ್ದು, ಸುಲಭವಾಗಿ ತಡೆಯಬಹುದಾದದ್ದೂ ಹೌದು. ಅಮ್ಲೋಡಿಪಿನ್, ಟೆಲ್ಮಿಸಾರ್ಟನ್, ಕ್ಲೋರ್ತಾಲಿಡೋನ್ ಮುಂತಾದವು ದಿನಕ್ಕೊಮ್ಮೆ ತೆಗೆದುಕೊಳ್ಳುವ ಮಾತ್ರೆಗಳು. ಇವು ಹನಿ ನೀರಾವರಿಯಂತೆ ಪ್ರತಿದಿನವೂ ಸಿಕ್ಕಿದರೇ ಫಲ. ಅಮ್ಲೋಡಿಪಿನ್ ಪೂರ್ತಿ ಕೆಲಸಕ್ಕೆ ಬರಲು ಒಂದು ವಾರ ಬೇಕು. ಆದುದರಿಂದ ಒಂದು ದಿನ ಎರಡು ನುಂಗಿದರೆ ಆ ಗಳಿಗೆಯಲ್ಲಿ ಬಿ.ಪಿ. ಇಳಿಯದು. ಅಟೆನೊಲಾಲ್, ಕ್ಲೋನಿಡಿನ್ ಎಂಬ ಮಾತ್ರೆಗಳನ್ನು ತಟ್ಟನೆ ನಿಲ್ಲಿಸಿದರೆ ಬಿ.ಪಿ. ಹಿಂದಿಗಿಂತ ಮೇಲಕ್ಕೆ ಜಿಗಿಯುವ ಅಪಾಯವಿದೆ.

ಬೆಳಗಿನ ಮಾತ್ರೆ ಮರೆತು ಮಧ್ಯಾಹ್ನ ನೆನಪಾದರೆ ಆಗಲೇ ತೆಗೆದುಕೊಳ್ಳಿ. ಮರುದಿನ ನೆನಪಾದರೆ ಆ ದಿನದ್ದನ್ನು ಮಾತ್ರ ತೆಗೆದುಕೊಳ್ಳಿ, ಎರಡನ್ನು ಸೇರಿಸಬೇಡಿ. ಪಟ್ಟಣದ ಆಸ್ಪತ್ರೆಗೆ ರಕ್ತಪರೀಕ್ಷೆಗೆಂದು ಬರೀ ಹೊಟ್ಟೆಯಲ್ಲಿ ಹೊರಡುವ ದಿನ ಬಹಳ ಮಂದಿ ಬಿ.ಪಿ. ಮಾತ್ರೆಯನ್ನೂ ಬಿಟ್ಟು ಹೋಗುತ್ತಾರೆ. ಬಿ.ಪಿ. ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ನುಂಗಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಯ ಸಂಗತಿ ಬೇರೆ. ಹೊರಡುವ ಹಿಂದಿನ ದಿನವೇ ಕೇಳಿ ತಿಳಿದುಕೊಳ್ಳಿ. ಗರ್ಭಿಣಿಯರು ಮತ್ತು ಗರ್ಭ ನಿಲ್ಲಬಹುದಾದ ಹೆಣ್ಣುಮಕ್ಕಳು ಈ ವಿಷಯವನ್ನು ಡಾಕ್ಟರಿಗೆ ತಪ್ಪದೆ ಹೇಳಬೇಕು. ಟೆಲ್ಮಿಸಾರ್ಟನ್‌ನಂಥ ಮಾತ್ರೆ ಗರ್ಭದ ಮಗುವಿಗೆ ಹಾನಿ ಮಾಡುತ್ತದೆ.

ಈಗ ಗುಬ್ಬಿಯ ಯಜಮಾನರ ಸೋಮವಾರವನ್ನು ಮತ್ತೆ ನೋಡಿ. ನಸುಕಿನಲ್ಲೇ ಎದ್ದರು, ನಿದ್ದೆ ಸಾಲಲಿಲ್ಲ. ಮಾತ್ರೆ ನುಂಗಲಿಲ್ಲ. ಬಸ್ ನಿಲ್ದಾಣದಲ್ಲಿ ಟೀ ಕುಡಿದು ಬೀಡಿ ಸೇದಿದರು. ಮಹಡಿ ಹತ್ತಿ ಬಂದು ಕೂಡಲೇ ತೋಳು ಚಾಚಿದರು. 168 ಬಂದದ್ದರಲ್ಲಿ ಆಶ್ಚರ್ಯವೇನು?

ವಯಸ್ಸಾದವರಲ್ಲಿ

ಹಳೆಯ ಪೈಪು ಪೆಡಸಾಗುವಂತೆ ವಯಸ್ಸಾದಂತೆ ರಕ್ತನಾಳಗಳೂ ಪೆಡಸಾಗುತ್ತವೆ. ಹಿಗ್ಗಿ ಕುಗ್ಗಿ ಒತ್ತಡವನ್ನು ತಾಳಿಕೊಳ್ಳುವ ಗುಣ ಕಡಿಮೆಯಾಗುತ್ತದೆ. ಆಗ ಮೇಲಿನ ಅಂಕಿ ಏರುತ್ತದೆ, ಏರಿಳಿತವೂ ಹೆಚ್ಚುತ್ತದೆ. ಮಲಗಿದ್ದವರು ತಟ್ಟನೆ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ. ಎದ್ದು ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ ಡಾಕ್ಟರಿಗೆ ಹೇಳಲೇಬೇಕು. ಮನೆಯ ಹಿರಿಯರು ರಾತ್ರಿ ಏಳುವಾಗ ಮೊದಲು ಹಾಸಿಗೆಯ ಮೇಲೆ ಎದ್ದು ಕುಳಿತು, ಸ್ವಲ್ಪ ಹೊತ್ತು ತಡೆದು, ಆಮೇಲೆ ಗೋಡೆ ಹಿಡಿದು ನಿಲ್ಲಲಿ.

ಏರಿಳಿತವನ್ನು ಕಡೆಗಣಿಸಲಾಗದು ಎಂಬುದಕ್ಕೆ ಆಧಾರವಿದೆ. ಆಕ್ಸ್‌ಫರ್ಡಿನ ಪೀಟರ್ ರಾತ್‌ವೆಲ್ ಮತ್ತು ಅವರ ಸಂಗಡಿಗರು 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ವಿಷಯ ತೋರಿಸಿಕೊಟ್ಟರು. ಒಂದು ಭೇಟಿಯಿಂದ ಇನ್ನೊಂದು ಭೇಟಿಗೆ ಯಾರ ಬಿ.ಪಿ. ಬಹಳ ಏರಿಳಿಯುತ್ತದೋ ಅವರಿಗೆ, ಸರಾಸರಿ ಏನೇ ಇರಲಿ, ಲಕ್ವದ ಅಪಾಯ ಹೆಚ್ಚು. ಕೆಲಸದ ಹೊತ್ತಿನಲ್ಲಿ ಏರಿ ಕುಳಿತಾಗ ಇಳಿಯುವುದು ಸಹಜ. ಆದರೆ ಸರಿಯಾಗಿ ಅಳೆದರೂ ಒಂದು ತಿಂಗಳು 130, ಇನ್ನೊಂದು ತಿಂಗಳು 170 ಎಂದು ಬರುತ್ತಿದ್ದರೆ ಕಾರಣ ಹುಡುಕಬೇಕು.

ಬರೆದಿಡುವುದು ಹೇಗೆ?

ಹಾಲಿನ ಡೈರಿಯ ಲೆಕ್ಕ ಬರೆಯುವಂತೆ ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ಮನೆಯಲ್ಲಿ ತೋಳಿಗೆ ಕಟ್ಟುವ ಯಂತ್ರವಿದ್ದರೆ 7 ದಿನ, ಬೆಳಿಗ್ಗೆ ಮಾತ್ರೆಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು ಅಳೆದು ಬರೆಯಿರಿ. ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಯಾವ ತೋಳಿನಲ್ಲಿ ಹೆಚ್ಚು ಬರುವುದೆಂದು ಮೊದಲ ಸಲ ನೋಡಿಕೊಂಡು ಮುಂದೆ ಅದೇ ತೋಳಿನಲ್ಲಿ ಅಳೆಯಿರಿ. ಯಂತ್ರವಿಲ್ಲದವರು ಉಪಕೇಂದ್ರದಲ್ಲಿ ಬೇರೆ ಬೇರೆ ದಿನ ಅಳೆಸಿ ಬರೆಸಿಕೊಳ್ಳಿ. ಅಂಕಿಯ ಪಕ್ಕದಲ್ಲಿ “ಮಾತ್ರೆ ತಪ್ಪಿತು”, “ನಿದ್ದೆ ಇಲ್ಲ”, “ಮದುವೆ ಊಟ”, “ನೋವಿನ ಮಾತ್ರೆ” ಎಂದು ಎರಡು ಮಾತು ಬರೆದಿಡಿ. ಡಾಕ್ಟರಿಗೆ ಆ ಎರಡು ಮಾತು ಅಂಕಿಯಷ್ಟೇ ಉಪಯೋಗ.

ನಮ್ಮ ಯಜಮಾನರ ಮನೆಯ ಲೆಕ್ಕ ಆರು ದಿನಕ್ಕೆ 148, 142, 136, 150, 140, 136 ಎಂದು ಬಂತೆನ್ನಿ. ಒಟ್ಟು 852, ಸರಾಸರಿ 142. ಮನೆಯಲ್ಲಿ ಅಳೆದಾಗ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬಿ.ಪಿ. ಹೆಚ್ಚೆಂದೇ ಅರ್ಥ. ಆಸ್ಪತ್ರೆಯ ಅಳತೆಯಲ್ಲಿ ಆ ಗಡಿ 140/90. ಹಾಗಾದರೆ ಸೋಮವಾರದ 168 ಕಂಡು ಹೆದರಬೇಕಾಗಿರಲಿಲ್ಲ. ಗುರುವಾರದ 138 ಕಂಡು ನಿಶ್ಚಿಂತೆಯಾಗಿರುವಂತೆಯೂ ಇರಲಿಲ್ಲ. ಅವರ ಚಿಕಿತ್ಸೆ ಇನ್ನೂ ಸರಿಹೋಗಬೇಕಾಗಿದೆ. ಈ ಮಾತನ್ನು ಒಂದು ಅಂಕಿ ಹೇಳಲಾರದು, ಪುಸ್ತಕ ಹೇಳುತ್ತದೆ.

ಯಾವಾಗ ಓಡಬೇಕು?

ಅಂಕಿ 180/120 ದಾಟಿದರೆ 5 ನಿಮಿಷ ಸುಮ್ಮನೆ ಕುಳಿತು ಮತ್ತೆ ಅಳೆಯಿರಿ. ಆಗಲೂ ಅಷ್ಟೇ ಇದ್ದರೆ, ಬೇರೆ ತೊಂದರೆ ಇಲ್ಲದಿದ್ದರೂ, ಅದೇ ದಿನ ಆಸ್ಪತ್ರೆಗೆ ಹೋಗಿ. ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟು ಒಮ್ಮೆಗೇ ಇಳಿಸಲು ಹೋಗಕೂಡದು. ತಟ್ಟನೆ ಇಳಿದರೆ ಮೆದುಳಿಗೆ ರಕ್ತ ಸಾಲದೆ ಹೋಗುತ್ತದೆ.

ಬಾಯಿ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸ್ವಾಧೀನ ತಪ್ಪುವುದು, ಮಾತು ತೊದಲುವುದು, ಎದೆ ಹಿಂಡಿದಂತಾಗುವುದು, ಉಸಿರು ಕಟ್ಟುವುದು, ಕಣ್ಣು ಮಂಜಾಗುವುದು ಇವುಗಳಲ್ಲಿ ಒಂದು ಕಂಡರೂ, ಅಂಕಿ ಎಷ್ಟೇ ಇರಲಿ, ಕೂಡಲೇ 108ಕ್ಕೆ ಫೋನು ಮಾಡಿ. ರಕ್ತ ಹೆಪ್ಪುಗಟ್ಟಿ ಬಂದ ಲಕ್ವಕ್ಕೆ ಹೆಪ್ಪು ಕರಗಿಸುವ ಔಷಧಿಯನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ತೊಂದರೆ ಯಾವ ಹೊತ್ತಿಗೆ ಶುರುವಾಯಿತೆಂದು ಗುರುತಿಟ್ಟುಕೊಳ್ಳಿ. ಎಣ್ಣೆ ತಿಕ್ಕಿಸುತ್ತಾ, ನಾಟಿ ಔಷಧಿಗೆ ಅಲೆಯುತ್ತಾ ಆ ಹೊತ್ತನ್ನು ಕಳೆಯಬೇಡಿ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಶೇಕಡ 24, ಹೆಂಗಸರಲ್ಲಿ ಶೇಕಡ 21 ಮಂದಿಗೆ ಬಿ.ಪಿ. ಹೆಚ್ಚಿತ್ತು ಅಥವಾ ಅವರು ಅದಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಅಂದರೆ ನಾಲ್ಕೈದು ಮಂದಿಗೆ ಒಬ್ಬರು. ನಿಮ್ಮ ಬೀದಿಯಲ್ಲೂ ಇದ್ದಾರೆ. ಬಹಳ ಮಂದಿಗೆ ತಲೆನೋವೂ ಇರುವುದಿಲ್ಲ, ಸುಸ್ತೂ ಇರುವುದಿಲ್ಲ. ಆದುದರಿಂದ 30 ವರ್ಷ ದಾಟಿದವರೆಲ್ಲರೂ ಈ ವಾರವೇ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಬಿ.ಪಿ. ನೋಡಿಸಿಕೊಳ್ಳಿ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಇವತ್ತು ಸಂಜೆಯೇ ಪುಸ್ತಕ ಶುರುಮಾಡಿ. ಬರೆಯಲು ಬಾರದ ಹಿರಿಯರಿಗೆ ಶಾಲೆಗೆ ಹೋಗುವ ಮೊಮ್ಮಕ್ಕಳು ಬರೆದುಕೊಡಲಿ. ಮುಂದಿನ ಸಲ ಡಾಕ್ಟರ ಬಳಿಗೆ ಹೋಗುವಾಗ ಮಾತ್ರೆಯ ಚೀಟಿಯೊಡನೆ ಆ ಪುಸ್ತಕವನ್ನೂ ಮರೆಯದೆ ತೆಗೆದುಕೊಂಡು ಹೋಗಿ.